ಹೊತ್ತಾರೆ ಹಕ್ಕಿ ಆಕಾಶದಲ್ಲಿ ನಿಂತ ಕಥೆ



ದಿನವೂ ಬೀಜ, ಗೊಬ್ಬರ, ಹುಳುಹುಪ್ಪಟೆ ಅಂತ ಮಾತಾಡುವ ಈ ಹೊತ್ತಿನಲ್ಲಿ ಇವತ್ತು ಸ್ವಲ್ಪ ತಲೆ ಎತ್ತಿ ಆಕಾಶದ ಕಡೆ ನೋಡೋಣ. ಮಳೆಗಾಗಿ ಅಲ್ಲ, ಒಂದು ಯಂತ್ರದ ಚರಿತ್ರೆಗಾಗಿ. ಬೆಳಗಿನ ಜಾವ ನೇಗಿಲು ಹೂಡಿದರೆ ಸಾಲಿನ ಹಿಂದೆಯೇ ಬೆಳ್ಳಕ್ಕಿ ಹೆಜ್ಜೆ ಹಾಕಿಕೊಂಡು ಬರುವುದನ್ನು ನೀವು ನೋಡಿಯೇ ಇದ್ದೀರಿ. ಮೊದಲು ಬಂದ ಹಕ್ಕಿಗೆ ಹುಳ, ತಡವಾಗಿ ಬಂದದ್ದಕ್ಕೆ ಬರೀ ಹೆಂಟೆ. ಇಂಗ್ಲಿಷಿನವರಲ್ಲಿಯೂ ಇದೇ ಅರ್ಥದ ಗಾದೆ ಒಂದಿದೆ. ಆ ಗಾದೆಯಿಂದಲೇ ಹೆಸರು ಹೆಕ್ಕಿ 1965ರಲ್ಲಿ ಅಮೆರಿಕದವರು ಒಂದು ಕೃತಕ ಉಪಗ್ರಹಕ್ಕೆ ‘ಅರ್ಲಿ ಬರ್ಡ್’ ಎಂದು ಕರೆದರು. ನಾವು ಅದನ್ನು ಹೊತ್ತಾರೆ ಹಕ್ಕಿ ಅನ್ನೋಣ. ಕಾಗದದ ಮೇಲಿನ ಹೆಸರು ‘ಇಂಟೆಲ್‌ಸ್ಯಾಟ್ ಒಂದು’. ಭೂಮಿಯ ಮೇಲೆ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹಗಳಲ್ಲಿ, ಹಣ ತೆಗೆದುಕೊಂಡು ಮಾತು ಸಾಗಿಸಿದ್ದು ಇದೇ ಮೊದಲು. ಬಾಡಿಗೆ ಗಾಡಿ ಇದ್ದ ಹಾಗೆ ಅನ್ನಿ, ಸಾಮಾನಿನ ಬದಲು ಮಾತು.

ಆಕಾಶದಲ್ಲಿ ಒಂದು ವಸ್ತು ನಿಲ್ಲುವುದೆಂದರೇನು? ಎಸೆದ ಕಲ್ಲು ಬೀಳಲೇಬೇಕಲ್ಲ, ಇದು ಹೇಗೆ ನಿಂತಿತು ಅಂತ ಕೇಳುತ್ತೀರಿ. ಕಣದಲ್ಲಿ ಹಂತಿ ಹೊಡೆಯುವುದನ್ನು ನೆನೆದುಕೊಳ್ಳಿ. ನಡುವೆ ಮೇಟಿ ಕಂಬ, ಅದಕ್ಕೆ ಸಾಲಾಗಿ ಕಟ್ಟಿದ ಎತ್ತುಗಳು. ಮೇಟಿಯ ಹತ್ತಿರದ ಎತ್ತು ಸಣ್ಣ ಸಣ್ಣ ಹೆಜ್ಜೆ ಇಡುತ್ತದೆ. ಹೊರಗಿನ ತುದಿಯ ಎತ್ತು ಸುತ್ತು ದೊಡ್ಡದಾದ್ದರಿಂದ ಬಿರಬಿರನೆ ನಡೆಯಬೇಕು. ಆದರೂ ಎರಡೂ ಒಂದೇ ಸಾಲಿನಲ್ಲಿರುತ್ತವೆ. ಒಳಗಿನ ಎತ್ತು ಕತ್ತು ಹೊರಳಿಸಿ ನೋಡಿದಾಗೆಲ್ಲ ಹೊರಗಿನದು ಅದೇ ಪಕ್ಕದಲ್ಲಿ ಕಾಣುತ್ತದೆ, ನಿಂತೇ ಇದೆಯೇನೋ ಎಂಬಂತೆ. ಭೂಮಿ ತನ್ನ ಸುತ್ತ ತಾನು ತಿರುಗುವಾಗ ಅದರ ಮೇಲಿರುವ ನಾವು ಒಳಗಿನ ಎತ್ತು. ಉಪಗ್ರಹ ಹೊರಗಿನದು. ನಾವು ಒಂದು ಸುತ್ತು ಮುಗಿಸುವುದರೊಳಗೆ ಅದೂ ಒಂದು ಸುತ್ತು ಮುಗಿಸುತ್ತದೆ. ನಡುವಿನ ಹಗ್ಗದ ಕೆಲಸವನ್ನು ಭೂಮಿಯ ಸೆಳೆತವೇ ಮಾಡುತ್ತದೆ.

ಆದರೆ ಈ ಹಗ್ಗದ ಅಳತೆ ನಮಗೆ ಬೇಕಾದಂತೆ ಇಟ್ಟುಕೊಳ್ಳಲು ಬರುವುದಿಲ್ಲ. ಭೂಮಿಗೆ ಹತ್ತಿರ, ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ ಬಿಟ್ಟ ಉಪಗ್ರಹ ಒಂದೂವರೆ ಗಂಟೆಗೆ ಒಂದು ಸುತ್ತು ಹಾಕಿಬಿಡುತ್ತದೆ. ಬಹು ದೂರದ ಚಂದ್ರನಿಗೆ ಒಂದು ಸುತ್ತಿಗೆ 27 ದಿನಕ್ಕಿಂತ ಹೆಚ್ಚು ಬೇಕು. ದೂರ ಹೆಚ್ಚಿದಷ್ಟೂ ಸುತ್ತು ನಿಧಾನ. ಹಾಗಾದರೆ ಇವೆರಡರ ನಡುವೆ ಎಲ್ಲೋ ಒಂದು ಕಡೆ ಸುತ್ತಿಗೆ ಸರಿಯಾಗಿ ಒಂದು ದಿನ ಹಿಡಿಯುವ ಜಾಗ ಇರಲೇಬೇಕಲ್ಲವೆ? ಇದೆ. ಭೂಮಧ್ಯರೇಖೆಯ ನೆತ್ತಿಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಪಡುವಲಿಂದ ಮೂಡಲಿಗೆ ಸೆಕೆಂಡಿಗೆ ಸುಮಾರು ಮೂರು ಕಿಲೋಮೀಟರ್ ವೇಗದಲ್ಲಿ ಓಡುವ ವಸ್ತು ಕೆಳಗಿನಿಂದ ನೋಡುವವನಿಗೆ ಕದಲದೆ ನಿಂತಂತಿರುತ್ತದೆ.

ಈ ಜಾಗದಲ್ಲಿ ರೇಡಿಯೋ ನಿಲ್ದಾಣ ಕಟ್ಟಿದರೆ ಲೋಕಕ್ಕೆಲ್ಲ ಮಾತು ಮುಟ್ಟಿಸಬಹುದೆಂದು ವಿವರವಾಗಿ ಲೆಕ್ಕ ಹಾಕಿ ಬರೆದವರು ಇಂಗ್ಲೆಂಡಿನ ಅರ್ಥರ್ ಸಿ. ಕ್ಲಾರ್ಕ್. ಅವರ ಲೇಖನ ‘ವೈರ್‌ಲೆಸ್ ವರ್ಲ್ಡ್’ ಎಂಬ ಪತ್ರಿಕೆಯಲ್ಲಿ 1945ರ ಅಕ್ಟೋಬರಿನಲ್ಲಿ ಅಚ್ಚಾಯಿತು. ಸಮದೂರದಲ್ಲಿ ಮೂರು ನಿಲ್ದಾಣ ನಿಲ್ಲಿಸಿದರೆ ಸಾಕು ಅಂದರು. ಆದರೆ ಅವರು ಕಲ್ಪಿಸಿಕೊಂಡದ್ದು ಜನ ವಾಸಮಾಡುವ ನಿಲ್ದಾಣವನ್ನು! ಏಕೆಂದರೆ ಆಗಿನ ರೇಡಿಯೋಗಳಲ್ಲಿ ಗಾಜಿನ ವಾಲ್ವುಗಳಿದ್ದವು. ಅವು ಆಗಾಗ ಸುಟ್ಟುಹೋಗುತ್ತಿದ್ದವು, ಬದಲಾಯಿಸಲು ಒಬ್ಬ ಆಳು ಬೇಕೇ ಬೇಕು. ಆ ಆಳಿಗೆ ಊಟ ತಲುಪಿಸಲು ಮತ್ತೊಂದು ರಾಕೆಟ್ಟು ಬೇಕು. ಈಗ ಕೇಳಿದರೆ ನಗು ಬರಬಹುದು. ಆದರೆ ಎತ್ತರದ ಲೆಕ್ಕದಲ್ಲಿ ಕ್ಲಾರ್ಕರು ತಪ್ಪಲಿಲ್ಲ, ಆ ಕಕ್ಷೆಗೆ ಎಷ್ಟೋ ಜನ ಅವರ ಹೆಸರನ್ನೇ ಇಟ್ಟಿದ್ದಾರೆ.

ಇಷ್ಟಕ್ಕೂ ಇದರ ಅಗತ್ಯವೇನಿತ್ತು? ಅಮೆರಿಕಕ್ಕೂ ಯೂರೋಪಿಗೂ ನಡುವೆ ಅಟ್ಲಾಂಟಿಕ್ ಸಾಗರ. ಆ ದಡಕ್ಕೂ ಈ ದಡಕ್ಕೂ 1927ರಿಂದಲೇ ರೇಡಿಯೋ ಮೂಲಕ ಟೆಲಿಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ರಾತ್ರಿ ದೂರದ ಸ್ಟೇಷನ್ನು ಹಿಡಿದಾಗ ದನಿ ಒಮ್ಮೆ ಬಂದು ಒಮ್ಮೆ ಹೋಗುವುದಿಲ್ಲವೆ, ಕೊರಕೊರ ಅನ್ನುವುದಿಲ್ಲವೆ, ಅದೇ ಪಾಡು. 1956ರಲ್ಲಿ ಸ್ಕಾಟ್ಲೆಂಡಿನಿಂದ ನ್ಯೂಫೌಂಡ್‌ಲೆಂಡಿಗೆ ಸಮುದ್ರದ ತಳದಲ್ಲಿ ಟೆಲಿಫೋನ್ ಕೇಬಲ್ಲು ಹಾಸಿದರು. ದನಿ ಶುದ್ಧವಾಯಿತು. ಆದರೆ ಮೊದಲಿಗೆ ಅದರಲ್ಲಿ ಒಟ್ಟಿಗೆ ಸಾಗುತ್ತಿದ್ದ ಮಾತುಕತೆ ಬರೀ 36. ಎರಡು ಖಂಡಗಳಿಗೆ ಮೂವತ್ತಾರು! ಟೆಲಿವಿಷನ್ನಿನ ಚಿತ್ರವಂತೂ ಆ ಕೇಬಲ್ಲಿನಲ್ಲಿ ತೂರುವ ಮಾತೇ ಇಲ್ಲ. ಲಂಡನ್ನಿನಲ್ಲಿ ನಡೆದದ್ದನ್ನು ನ್ಯೂಯಾರ್ಕಿನವರು ನೋಡಬೇಕಾದರೆ ಫಿಲ್ಮಿನ ಸುರುಳಿ ವಿಮಾನದಲ್ಲಿ ಹೋಗಬೇಕಾಗಿತ್ತು.

1962ರ ಜುಲೈ 10ರಂದು ಅಮೆರಿಕದ ಟೆಲಿಫೋನ್ ಕಂಪೆನಿ ‘ಟೆಲ್‌ಸ್ಟಾರ್’ ಎಂಬ ಉಪಗ್ರಹವನ್ನು ಹಾರಿಸಿತು. ಸಾಗರದ ಆಚೆಗೆ ಚಿತ್ರ ಹೋಯಿತು, ಜನ ಬೆರಗಾದರು. ಆದರೆ ಅದು ಕೆಳಮಟ್ಟದ ಸುತ್ತುಗಾರ, ಎರಡೂವರೆ ಗಂಟೆಗೆ ಸ್ವಲ್ಪ ಹೆಚ್ಚಿನ ಹೊತ್ತಿನಲ್ಲಿ ಒಂದು ಸುತ್ತು. ಎರಡೂ ದಡಕ್ಕೆ ಒಟ್ಟಿಗೆ ಕಾಣುತ್ತಿದ್ದದ್ದು ಒಂದು ಸಲಕ್ಕೆ ಇಪ್ಪತ್ತು ನಿಮಿಷದಷ್ಟು. ಅಷ್ಟರಲ್ಲಿ ಮಾತು ಮುಗಿಸಬೇಕು. ಅದನ್ನು ಬೆನ್ನಟ್ಟಲು ಮೇಯ್ನ್ ಪ್ರಾಂತದ ಆಂಡೋವರ್ ಎಂಬ ಊರಿನಲ್ಲಿ ಸುಮಾರು 54 ಮೀಟರ್ ಉದ್ದದ, ಕೊಂಬಿನ ಆಕಾರದ ಆಂಟೆನಾ ಕಟ್ಟಿದ್ದರು. ಆ ಭಾರೀ ಕೊಂಬು ಆಕಾಶದಲ್ಲಿ ಓಡುವ ಚುಕ್ಕಿಯ ಹಿಂದೆ ತಾನೂ ತಿರುಗಬೇಕು. ಇಡೀ ದಿನ ಮಾತು ನಡೆಯಬೇಕಾದರೆ ಇಂಥ ಉಪಗ್ರಹಗಳು ಹತ್ತಾರು ಬೇಕು, ಒಂದು ಮುಳುಗುವ ಮುಂಚೆ ಇನ್ನೊಂದು ಹುಟ್ಟುತ್ತಿರಬೇಕು. ದೊಡ್ಡ ದೊಡ್ಡ ಎಂಜಿನಿಯರುಗಳು ಇದೇ ಸರಿಯಾದ ದಾರಿ ಅಂತ ವಾದಿಸಿದರು. ಎತ್ತರದಲ್ಲಿ ಒಂದನ್ನೇ ನಿಲ್ಲಿಸುವುದು ಬಲು ಕಷ್ಟ, ಅಲ್ಲಿಗೆ ಹೋಗುವಷ್ಟು ಶಕ್ತಿ ರಾಕೆಟ್ಟಿಗಿಲ್ಲ, ಹೋದರೂ ಬೇಗ ಕೆಡುತ್ತದೆ ಎಂಬುದು ಅವರ ಅಂಜಿಕೆ.

ಒಪ್ಪದೆ ಇದ್ದವರು ಕ್ಯಾಲಿಫೋರ್ನಿಯದ ಹ್ಯೂಸ್ ಕಂಪೆನಿಯ ಮೂವರು: ಹೆರಾಲ್ಡ್ ರೋಸೆನ್, ಡಾನ್ ವಿಲಿಯಮ್ಸ್, ಟಾಮ್ ಹಡ್‌ಸ್ಪೆತ್. ಇವರು ಯುದ್ಧವಿಮಾನದ ರೇಡಾರ್ ಕೆಲಸದವರು. 1959ರಲ್ಲಿ ಆ ಕೆಲಸಕ್ಕೆ ಕಲ್ಲು ಬಿದ್ದಾಗ ಬೇರೆ ಏನು ಮಾಡೋಣವೆಂದು ಕೂತವರಿಗೆ ಈ ಯೋಚನೆ ಹೊಳೆಯಿತು. ಅವರ ಉಪಾಯ ಮಕ್ಕಳ ಬುಗುರಿಯದು. ತಿರುಗುವ ಬುಗುರಿ ನೆಟ್ಟಗೆ ನಿಲ್ಲುತ್ತದೆ, ತಿರುಗು ನಿಂತರೆ ಉರುಳುತ್ತದೆ. ಉಪಗ್ರಹವನ್ನು ಡ್ರಮ್ಮಿನ ಆಕಾರಕ್ಕೆ ಮಾಡಿ ಬುಗುರಿಯಂತೆ ತಿರುಗಿಸಿಬಿಟ್ಟರೆ ಅದು ದಿಕ್ಕು ತಪ್ಪುವುದಿಲ್ಲ. ಪಕ್ಕದಲ್ಲಿ ಒಂದು ಸಣ್ಣ ಕೊಳವೆ ಇಟ್ಟು, ತಿರುಗುವಾಗ ಸರಿಯಾದ ಗಳಿಗೆಗೆ ಒಂದೊಂದು ಉಗುಳು ಅನಿಲ ಬಿಟ್ಟರೆ ಬೇಕಾದ ಕಡೆಗೆ ಸರಿಸಬಹುದು. ಹೀಗೆ ಮಾಡಿದರೆ ಯಂತ್ರ ಹಗುರ. ಹಗುರವಾದರೆ ಇದ್ದ ರಾಕೆಟ್ಟೇ ಸಾಕು.

ಕಂಪೆನಿಯ ಯಜಮಾನರು ಮೊದಲಿಗೆ ಹಣ ಬಿಚ್ಚಲಿಲ್ಲ. ಸರ್ಕಾರದವರೂ ಕೈಹಾಕಿಲ್ಲದ ಕೆಲಸಕ್ಕೆ ಯಾರು ಹಣ ಸುರಿಯುತ್ತಾರೆ? ಆಗ ವಿಲಿಯಮ್ಸ್ ತನ್ನ ಸ್ವಂತದ ಹತ್ತು ಸಾವಿರ ಡಾಲರಿನ ಚೆಕ್ಕನ್ನು ತಂದು ಯಜಮಾನರ ಮೇಜಿನ ಮೇಲೆ ಇಟ್ಟನಂತೆ. ಸಂಬಳದಾಳು ಧಣಿಗೆ ಬಂಡವಾಳ ಕೊಡಲು ಬಂದದ್ದು! ಧಣಿಗೆ ಏನನ್ನಿಸಿತೋ, ಕಂಪೆನಿಯ ಹಣದಿಂದಲೇ ಒಂದು ಮಾದರಿ ಮಾಡಲು ಒಪ್ಪಿಗೆ ಸಿಕ್ಕಿತು. 1961ರಲ್ಲಿ ಆ ಮಾದರಿಯನ್ನು ಪ್ಯಾರಿಸ್ಸಿಗೆ ಒಯ್ದು ಐಫೆಲ್ ಗೋಪುರದ ಮೇಲೆ ಹತ್ತಿಸಿ ತೋರಿಸಿದರು. ನಿಮ್ಮ ಯಂತ್ರ ಮುಟ್ಟುವ ಎತ್ತರ ಇಷ್ಟೇ ಎಂದು ಕುಹಕವಾಡಿದವರೂ ಇದ್ದರು. ಅದೇ ವರ್ಷ ಅಮೆರಿಕ ಸರ್ಕಾರದ ಆಕಾಶಯಾನ ಸಂಸ್ಥೆ ನಾಸಾ ಇವರಿಗೆ ಕೆಲಸ ಒಪ್ಪಿಸಿತು. ಉಪಗ್ರಹಕ್ಕೆ ‘ಸಿಂಕಾಮ್’ ಎಂದು ಹೆಸರು.

ಮೊದಲ ಬಿತ್ತನೆ ಮೊಳೆಯಲಿಲ್ಲ. 1963ರ ಫೆಬ್ರವರಿ 14ರಂದು ಹಾರಿದ ಮೊದಲನೆಯ ಸಿಂಕಾಮ್, ಎತ್ತರಕ್ಕೆ ಏರಿಸುವ ಕೊನೆಯ ಮೋಟಾರು ಹೊತ್ತಿದ ಹೊತ್ತಿಗೆ ಮೂಕವಾಯಿತು. ಆಮೇಲೆ ದೂರದರ್ಶಕದಲ್ಲಿ ಹುಡುಕಿದಾಗ ಅದು ಮೇಲೆ ತಿರುಗುತ್ತಿರುವುದು ಕಂಡಿತು, ಆದರೆ ಮಾತಿಲ್ಲ. ಐದೇ ತಿಂಗಳಲ್ಲಿ, ಜುಲೈ 26ಕ್ಕೆ, ಎರಡನೆಯದನ್ನು ಹಾರಿಸಿದರು. ಅದು ಮಾತಾಡಿತು! ಆಗಸ್ಟ್ 23ರಂದು ಅಮೆರಿಕದ ಅಧ್ಯಕ್ಷ ಕೆನೆಡಿ ಅದರ ಮೂಲಕ ಆಫ್ರಿಕದ ನೈಜೀರಿಯಾದ ಪ್ರಧಾನಿ ಬಲೇವಾರೊಡನೆ ಮಾತಾಡಿದರು. ನೈಜೀರಿಯಾದ ಕಡೆ ದನಿ ಹಿಡಿದದ್ದು ಲಾಗೋಸ್ ಬಂದರಿನಲ್ಲಿ ನಿಂತ ಒಂದು ಹಡಗು. 1964ರಲ್ಲಿ ಮೂರನೆಯದು ಪೂರ್ತಿ ನೆಲೆ ನಿಂತು, ಟೋಕಿಯೋ ಒಲಿಂಪಿಕ್ ಆಟಗಳ ಚಿತ್ರವನ್ನು ಅಮೆರಿಕಕ್ಕೆ ದಾಟಿಸಿತು.

ಇದಿಷ್ಟೂ ಸರ್ಕಾರದ ಪ್ರಯೋಗ. ಇದರಿಂದ ವ್ಯಾಪಾರ ನಡೆಸುವುದಕ್ಕೆ 1962ರಲ್ಲೇ ಅಮೆರಿಕ ಒಂದು ಕಾನೂನು ಮಾಡಿ ‘ಕಾಮ್‌ಸ್ಯಾಟ್’ ಎಂಬ ಕಂಪೆನಿಗೆ ದಾರಿ ಮಾಡಿತ್ತು. 1964ರಲ್ಲಿ ಷೇರು ಮಾರಿದರು. ಒಂದು ಷೇರಿಗೆ ಇಪ್ಪತ್ತು ಡಾಲರು, ಅರ್ಧ ಟೆಲಿಫೋನ್ ಮತ್ತು ತಂತಿ ಕಂಪೆನಿಗಳಿಗೆ, ಅರ್ಧ ಸಾಮಾನ್ಯ ಜನಕ್ಕೆ. ಆ ವರ್ಷದ ಆಗಸ್ಟ್ 20ರಂದು ಹನ್ನೊಂದು ದೇಶಗಳು ಕೂಡಿ ‘ಇಂಟೆಲ್‌ಸ್ಯಾಟ್’ ಕೂಟಕ್ಕೆ ರುಜು ಹಾಕಿದವು. ಕೇಳಲು ನಮ್ಮ ಸಹಕಾರ ಸಂಘದ ಹಾಗೇ ಇದೆ. ಬಳಸುವಷ್ಟು ಪಾಲು, ಪಾಲಿನಷ್ಟು ಹಣ. ಆದರೆ ಮೊದಲಿಗೆ ನೂರಕ್ಕೆ ಸುಮಾರು 61 ಪಾಲು ಅಮೆರಿಕದ ಕಾಮ್‌ಸ್ಯಾಟ್ ಒಂದರದೇ. ಸಂಘದಲ್ಲಿ ಒಬ್ಬನೇ ಸದಸ್ಯ ನೂರಕ್ಕೆ ಅರವತ್ತೊಂದು ಷೇರು ಇಟ್ಟುಕೊಂಡರೆ ಸಭೆ ಹೇಗೆ ನಡೆಯುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಈ ಕೂಟದ ಮೊದಲ ಉಪಗ್ರಹವೇ ನಮ್ಮ ಹೊತ್ತಾರೆ ಹಕ್ಕಿ. ಅದೇ ಹ್ಯೂಸ್ ಕಂಪೆನಿ ಕಟ್ಟಿತು. ಉದ್ದಗಲ ನೋಡಿದರೆ ಆಶ್ಚರ್ಯ: ಮುಕ್ಕಾಲು ಮೀಟರಿಗೂ ಕಡಿಮೆ ಅಗಲದ ಡ್ರಮ್ಮು, ಎತ್ತರ ಸುಮಾರು 60 ಸೆಂಟಿಮೀಟರು, ಕಕ್ಷೆಯಲ್ಲಿ ತೂಕ ನಲವತ್ತು ಕಿಲೋದ ಒಳಗೆ. ಮನೆಯ ಕಾಳಿನ ಡಬ್ಬಿ ಇದಕ್ಕಿಂತ ದೊಡ್ಡದಿರುತ್ತದೆ. ಮೈತುಂಬ ಬಿಸಿಲನ್ನು ವಿದ್ಯುತ್ತು ಮಾಡುವ ಬಿಲ್ಲೆಗಳು. ಅದರ ದನಿಯ ಬಲ ಆರು ವಾಟು. ಆರೇ! ಮನೆಯಲ್ಲಿ ಉರಿಸುವ ಸಣ್ಣ ದೀಪದಷ್ಟು. 1965ರ ಏಪ್ರಿಲ್ 6ರ ಸಂಜೆ ಫ್ಲಾರಿಡಾದ ಕೇಪ್ ಕೆನೆಡಿಯಿಂದ ಡೆಲ್ಟಾ ರಾಕೆಟ್ಟಿನ ತಲೆಯ ಮೇಲೆ ಹೊರಟು, ಕೊನೆಗೆ ಅಟ್ಲಾಂಟಿಕ್ ಸಾಗರದ ನೆತ್ತಿಯ ಮೇಲೆ ನೆಲೆನಿಂತಿತು.

ಇಲ್ಲಿ ಸ್ವಲ್ಪ ನಿಲ್ಲೋಣ. ಮುಂದಿನ ಕಥೆಗೆಲ್ಲ ಬೀಗದಕೈ ಈ ಆರು ವಾಟಿನಲ್ಲಿದೆ. ಮೂವತ್ತಾರು ಸಾವಿರ ಕಿಲೋಮೀಟರ್ ದೂರದಿಂದ ಅಷ್ಟು ಸಣ್ಣ ದನಿಯಲ್ಲಿ ಪಿಸುಗುಟ್ಟಿದರೆ ಕೆಳಗೆ ಕೇಳುವವನ ಕಿವಿ ಎಷ್ಟು ದೊಡ್ಡದಿರಬೇಕು? ಅಮೆರಿಕದ ಕಡೆ ಆಂಡೋವರಿನ ಅದೇ ಭಾರೀ ಕೊಂಬು. ಇಂಗ್ಲೆಂಡಿನ ಗೂನ್‌ಹಿಲಿಯಲ್ಲಿ ಸುಮಾರು 26 ಮೀಟರ್ ಅಗಲದ ಬೋಗುಣಿ. ಫ್ರಾನ್ಸಿನ ಪ್ಲೂಮರ್ ಬೋಡು, ಜರ್ಮನಿಯ ರೈಸ್ಟಿಂಗ್, ಇವುಗಳಲ್ಲಿಯೂ ಅಂಥವೇ. ಮೇಲಿನ ದನಿ ಸಣ್ಣದಾದಷ್ಟೂ ಕೆಳಗಿನ ಕಿವಿ ದೊಡ್ಡದಾಗಬೇಕು, ಅಂಥ ಕಿವಿಯನ್ನು ಕಟ್ಟಿಸುವ ಶಕ್ತಿ ದೇಶಗಳಿಗಿತ್ತೇ ಹೊರತು ಒಂದು ಊರಿಗಿರಲಿಲ್ಲ, ಒಂದು ಮನೆಗಂತೂ ಕನಸಿನಲ್ಲಿಯೂ ಇರಲಿಲ್ಲ. ಜೊತೆಗೆ ಹಕ್ಕಿ ತನ್ನ ಕೊಕ್ಕನ್ನು ಉತ್ತರಕ್ಕೆ ಓರೆಮಾಡಿ ಹಿಡಿದಿತ್ತು. ಇದ್ದಷ್ಟು ದನಿ ಅಮೆರಿಕಕ್ಕೂ ಯೂರೋಪಿಗೂ ಬೀಳಲಿ ಎಂದು. ತೆಂಕಣ ಭಾಗಕ್ಕೆ ಅದರಿಂದ ಏನೂ ಇಲ್ಲ.

ಇನ್ನೂ ಒಂದು ಇಕ್ಕಟ್ಟು. ಅದರ ಮೂಲಕ ಒಂದು ಸಲಕ್ಕೆ ಈ ದಡದ ಒಂದು ನಿಲ್ದಾಣ, ಆ ದಡದ ಒಂದು ನಿಲ್ದಾಣ, ಇವೆರಡೇ ಮಾತಾಡಬಹುದಿತ್ತು. ಆದ್ದರಿಂದ ಯೂರೋಪಿನವರು ಸರದಿ ಹಾಕಿಕೊಂಡರು, ಕಾಲುವೆ ನೀರಿಗೆ ನಾವು ಹಾಕಿಕೊಳ್ಳುವ ಹಾಗೆ. ಒಟ್ಟು 240 ಟೆಲಿಫೋನು ಮಾತುಕತೆ ಒಟ್ಟಿಗೆ ಸಾಗುತ್ತಿದ್ದವು, ಇಲ್ಲವೇ ಒಂದು ಟೆಲಿವಿಷನ್ ಚಿತ್ರ. ಎರಡೂ ಕೂಡಿ ಆಗದು. ತೂಬು ಒಂದೇ. ಚಿತ್ರ ಹೊರಟಿತೆಂದರೆ ಟೆಲಿಫೋನಿನವರು ಸುಮ್ಮನೆ ಕೂರಬೇಕು.

ದನಿ ತಡವಾಗುತ್ತದೆಂಬ ಹೆದರಿಕೆಯೂ ಬಹಳ ಜನಕ್ಕಿತ್ತು. ಮಾತು ಮೇಲೆ ಹೋಗಿ ಕೆಳಗೆ ಬರಲು ಎಪ್ಪತ್ತೆರಡು ಸಾವಿರ ಕಿಲೋಮೀಟರಿಗೂ ಮೇಲಾಯಿತು. ರೇಡಿಯೋ ಅಲೆ ಎಷ್ಟೇ ಬೇಗ ಓಡಿದರೂ ಸೆಕೆಂಡಿನ ಕಾಲುಭಾಗ ಹಿಡಿಯುತ್ತದೆ. ಉತ್ತರ ಬರಲು ಮತ್ತೊಂದು ಕಾಲು. ಇಷ್ಟು ತಡವಾದರೆ ಮಾತಿನ ಮೇಲೆ ಮಾತು ಬಿದ್ದು ಜಗಳವಾಗುತ್ತದೆ ಎಂದವರಿದ್ದರು. ಕಾಲು ಸೆಕೆಂಡೆಂದರೆ ಎಷ್ಟು ಗೊತ್ತೆ? ತೊಂಬತ್ತು ಮೀಟರ್ ಆಚೆ ನಿಂತವನನ್ನು ನೀವು ‘ಏಯ್ ತಮ್ಮಾ’ ಅಂತ ಕೂಗಿದರೆ ನಿಮ್ಮ ದನಿ ಅವನ ಕಿವಿಗೆ ಬೀಳಲು ಹಿಡಿಯುವಷ್ಟು. ಈ ಬದುವಿನಿಂದ ಆ ಬದುವಿಗೆ ದಿನಬೆಳಗಾದರೆ ಕೂಗಿ ಮಾತಾಡುವ ನಮಗೆ ಅದೇನು ದೊಡ್ಡ ವಿಷಯವಲ್ಲ. ಆದರೆ ತನ್ನ ಮಾತೇ ತನಗೆ ಮಾರ್ದನಿಯಾಗಿ ಹಿಂದಿರುಗುವುದು ನಿಜವಾದ ಕಾಟ. ಅದನ್ನು ಅಡಗಿಸಲು ಬೇರೆ ಯಂತ್ರ ಜೋಡಿಸಬೇಕಾಯಿತು.

ಮೇ ತಿಂಗಳಲ್ಲಿ ಪ್ರಯೋಗದ ಚಿತ್ರಗಳು ಹರಿದಾಡಿದವು. ಟೆಕ್ಸಾಸಿನ ಹೂಸ್ಟನ್ನಿನಲ್ಲಿ ಡಾಕ್ಟರ್ ಡಿಬೇಕಿ ಎದೆಯನ್ನು ತೆರೆದು ಹೃದಯದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದನ್ನು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಕೂತ ವೈದ್ಯರು ಅದೇ ಗಳಿಗೆಯಲ್ಲಿ ಕಂಡರು. ಇನ್ನೊಂದು ಸ್ವಾರಸ್ಯ. ಕೆನಡಾದ ಮಾಂಟ್ರಿಯಲ್ ನಗರದಲ್ಲಿ 1961ರಲ್ಲಿ ನೆಲದಡಿ ಸುರಂಗ ತೋಡಿ ಬ್ಯಾಂಕಿಗೆ ಕನ್ನ ಹಾಕಿ ತಲೆತಪ್ಪಿಸಿಕೊಂಡಿದ್ದ ಒಬ್ಬ ಕಳ್ಳನ ಭಾವಚಿತ್ರವನ್ನು ಮೇ 2ರ ಪ್ರಸಾರದಲ್ಲಿ ತೋರಿಸಿದರು. ಫ್ಲಾರಿಡಾದ ಒಂದು ದೋಣಿಗಟ್ಟೆಯಲ್ಲಿ ಅವನನ್ನು ನೋಡಿದ್ದವರು ಗುರುತು ಹಿಡಿದರು. ಕೆಲವೇ ದಿನಗಳಲ್ಲಿ ಪೊಲೀಸರು ಕೈಕೋಳ ತೊಡಿಸಿದರು. ನಾಲ್ಕು ವರ್ಷ ಸಿಗದವನು ಆಕಾಶದ ಹಕ್ಕಿಯ ಕಣ್ಣಿಗೆ ಬಿದ್ದ ಅಂತ ಜನ ಮಾತಾಡಿಕೊಂಡಿರಬೇಕು.

ಹಣದ ವ್ಯವಹಾರ ಶುರುವಾದದ್ದು 1965ರ ಜೂನ್ 28ರಂದು. ಅಧ್ಯಕ್ಷ ಜಾನ್ಸನ್ ಯೂರೋಪಿನ ಮುಖಂಡರೊಡನೆ ಟೆಲಿಫೋನಿನಲ್ಲಿ ಮಾತಾಡಿ ಉದ್ಘಾಟನೆ ಮಾಡಿದರು. ಹಕ್ಕಿಯ ಆಯುಸ್ಸು ಹದಿನೆಂಟು ತಿಂಗಳು ಅಂತ ಗೊತ್ತುಮಾಡಿದ್ದರು. ಅದು ಮೂರೂವರೆ ವರ್ಷ ದುಡಿಯಿತು. 1969ರ ಜನವರಿಯಲ್ಲಿ ದೊಡ್ಡ ದೊಡ್ಡ ಉಪಗ್ರಹಗಳು ಬಂದಮೇಲೆ ಇದಕ್ಕೆ ವಿಶ್ರಾಂತಿ ಕೊಟ್ಟರು. ಆದರೆ ವಿಶ್ರಾಂತಿ ಬಹಳ ಕಾಲ ಸಿಗಲಿಲ್ಲ. ಮನುಷ್ಯ ಚಂದ್ರನ ಮೇಲೆ ಇಳಿಯುವ ಮುಹೂರ್ತ ಹತ್ತಿರ ಬಂದಾಗ ಅಟ್ಲಾಂಟಿಕ್ ಮೇಲಿದ್ದ ಹೊಸ ಉಪಗ್ರಹ ಕೆಟ್ಟು ಕೂತಿತು. ಮುದಿ ಎತ್ತನ್ನು ಕೊಟ್ಟಿಗೆಯಿಂದ ಮತ್ತೆ ನೊಗಕ್ಕೆ ತಂದ ಹಾಗೆ ಹೊತ್ತಾರೆ ಹಕ್ಕಿಯನ್ನು ಎಬ್ಬಿಸಿದರು. ಅದು ಎದ್ದಿತು. ಆ ಜುಲೈ ತಿಂಗಳ ಕೆಲಸಕ್ಕೆ ಹೆಗಲು ಕೊಟ್ಟು, ಆಗಸ್ಟಿನಲ್ಲಿ ಮತ್ತೆ ಮಲಗಿತು. 1990ರಲ್ಲಿ, ಹಾರಿದ ಇಪ್ಪತ್ತೈದನೆಯ ವರ್ಷದ ನೆನಪಿಗೆ ಕರೆದಾಗಲೂ ಒಮ್ಮೆ ಓಗೊಟ್ಟಿತು.

ಇದೆಲ್ಲ ಅವರ ದೇಶದ ಮಾತಾಯಿತು, ಹೊಲದಲ್ಲಿ ದುಡಿಯುವವನಿಗೆ ಇದರಿಂದ ಬಂದದ್ದೇನು ಅಂತ ನೀವು ಕೇಳಿದರೆ ಆ ಪ್ರಶ್ನೆ ನ್ಯಾಯವಾದದ್ದೇ. ಬಹಳ ಕಾಲ ಏನೂ ಬರಲಿಲ್ಲ. ನಮ್ಮ ದೇಶದಲ್ಲಿ ಪುಣೆಯ ಹತ್ತಿರ ಆರ್ವಿಯಲ್ಲಿ 1971ರಲ್ಲಿ ಇಂಥದೇ ದೊಡ್ಡ ಕಿವಿ ತೆರೆಯಿತು. ಆದರೆ ಅದು ಹೊರದೇಶಗಳ ಜೊತೆ ಮಾತಿಗೆ. ವ್ಯಾಪಾರಿಯ ದನಿ ವ್ಯಾಪಾರಿಗೆ ಮುಟ್ಟಿತು.

ಲೆಕ್ಕವನ್ನು ತಲೆಕೆಳಗು ಮಾಡಬೇಕಾಗಿತ್ತು. ಮೇಲಿನ ದನಿಯನ್ನು ದೊಡ್ಡದು ಮಾಡಿ ಕೆಳಗಿನ ಕಿವಿಯನ್ನು ಸಣ್ಣದು ಮಾಡಬೇಕು. ವಿಕ್ರಮ ಸಾರಾಭಾಯಿಯವರು ಹಟ ಹಿಡಿದದ್ದು ಇದಕ್ಕೇ. ಪಟ್ಟಣದಿಂದ ಹಳ್ಳಿಗೆ ಮೆಲ್ಲಗೆ ಹರಿದು ಬರುವುದು ಬೇಡ, ಹಳ್ಳಿಯಿಂದಲೇ ಶುರುವಾಗಲಿ ಎಂಬುದು ಅವರ ಯೋಚನೆ. 1969ರ ಸೆಪ್ಟೆಂಬರಿನಲ್ಲಿ ಅಮೆರಿಕದ ನಾಸಾದೊಡನೆ ಒಪ್ಪಂದವಾಯಿತು. ಫಲ ನೋಡಲು ಸಾರಾಭಾಯಿಯವರು ಉಳಿಯಲಿಲ್ಲ, 1971ರ ಡಿಸೆಂಬರ್ 30ರಂದು ತೀರಿಕೊಂಡರು. ಒಪ್ಪಂದದ ಪ್ರಕಾರ ‘ಎ.ಟಿ.ಎಸ್. ಆರು’ ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ನಮ್ಮ ಕಡೆಗೆ ಸರಿಸಿದರು. ಇದು ವ್ಯಾಪಾರದ್ದಲ್ಲ, ಪ್ರಯೋಗದ್ದು. ಮೇಲೆ ಹೋದಮೇಲೆ ಛತ್ರಿಯಂತೆ ಬಿಚ್ಚಿಕೊಳ್ಳುವ, ಒಂಬತ್ತು ಮೀಟರ್ ಅಗಲದ ಬೋಗುಣಿ ಅದರ ತಲೆಯ ಮೇಲಿತ್ತು. ಮೇಲೆ ಬೋಗುಣಿ ದೊಡ್ಡದಾದ್ದರಿಂದ ಕೆಳಗೆ ಸಣ್ಣದು ಸಾಕಾಯಿತು. ಎಷ್ಟು ಸಣ್ಣದು? ಮೂರು ಮೀಟರು. ಅದನ್ನು ಮಾಡಿದ್ದು ಯಾವುದರಿಂದ ಅಂತೀರಿ? ಕೋಳಿಗೂಡಿಗೆ ಹೊದಿಸುವ ತಂತಿಬಲೆಯಿಂದ!

1975ರ ಆಗಸ್ಟ್ 1ರಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಈ ತಂತಿಬಲೆಯ ಕಿವಿಗಳು ಆಕಾಶಕ್ಕೆ ಮುಖ ಮಾಡಿದವು. ನಮ್ಮ ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಹಿಂದಿ, ಒರಿಯಾ, ತೆಲುಗುಗಳ ಜೊತೆ ಕನ್ನಡವೂ ಆ ಎತ್ತರದಿಂದ ಇಳಿಯಿತು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಪಾಠ. ಸಂಜೆ ಊರವರಿಗೆ ಬೇಸಾಯ, ಆರೋಗ್ಯ, ಸಂಸಾರದ ಮಾತು, ಹಾಡು ಹಸೆ. ಸಿನಿಮಾ ಟೆಂಟೂ ಕಾಣದ ಊರಿನಲ್ಲಿ ಜನ ಚಾಪೆ ಹಾಸಿಕೊಂಡು ಕೂತು ನೋಡಿದರು. ಆಕಾಶದಲ್ಲಿ ನಿಲ್ಲುವ ಯಂತ್ರವೊಂದು ಬಡ ರೈತನ ಅಂಗಳದ ಕಡೆಗೆ ಮುಖ ತಿರುಗಿಸಿ ಮಾತಾಡಿದ್ದು ಇದು. ಹೊತ್ತಾರೆ ಹಕ್ಕಿ ಹಾರಿ ಹತ್ತು ವರ್ಷ ಕಳೆದಿತ್ತು.

ಆದರೆ ಎರವಲು ಎತ್ತಿನ ಬೇಸಾಯ. 1976ರ ಜುಲೈ 31ಕ್ಕೆ ವಾಯಿದೆ ಮುಗಿಯಿತು, ಉಪಗ್ರಹ ಅಮೆರಿಕದ ಕಡೆಗೆ ಹಿಂದಿರುಗಿತು. ಬಲೆ ಅಲ್ಲೇ ಇತ್ತು, ಪೆಟ್ಟಿಗೆ ಅಲ್ಲೇ ಇತ್ತು, ಮೇಲಿನ ದನಿ ಇರಲಿಲ್ಲ. ಕೆಲವು ಕಡೆ ನೆಲದ ಮೇಲಿನ ಕಂಬಗಳಿಂದ ಕಾರ್ಯಕ್ರಮ ಮುಂದುವರಿಸಿದರು, ಎಲ್ಲ ಊರಿಗೂ ಆಗಲಿಲ್ಲ. ರುಚಿ ತೋರಿಸಿ ತಟ್ಟೆ ಎತ್ತಿದರಲ್ಲ ಅಂತ ಒಬ್ಬ ಅಜ್ಜಿಗಾದರೂ ಅನ್ನಿಸದೆ ಇರಲಾರದು.

ಹಾಗಾಗಿ ಸ್ವಂತದ್ದೇ ಬೇಕಾಯಿತು. ‘ಇನ್ಸಾಟ್’ ಎಂಬ ಸಾಲಿನ ಮೊದಲನೆಯದು, ಅಮೆರಿಕದಲ್ಲಿ ಕಟ್ಟಿಸಿದ್ದು, 1982ರ ಏಪ್ರಿಲ್ 10ರಂದು ಹಾರಿತು. ಅದನ್ನು ಮೇಯಿಸುವ ಕೇಂದ್ರವನ್ನು ಕಟ್ಟಿದ್ದು ಎಲ್ಲಿ? ನಮ್ಮ ಹಾಸನದಲ್ಲಿ. ಆಲೂಗೆಡ್ಡೆ ಬೆಳೆಯುವ ನೆಲದ ಪಕ್ಕದಲ್ಲೇ ಬಿಳಿಯ ಬೋಗುಣಿಗಳು ಎದ್ದು ನಿಂತವು. ಮೊದಲ ಇನ್ಸಾಟು ಐದು ತಿಂಗಳೂ ತುಂಬದೆ ಸೆಪ್ಟೆಂಬರಿನಲ್ಲಿ ಕೈಕೊಟ್ಟಿತು. ಸಿಂಕಾಮಿನ ಕಥೆಯೇ ಮತ್ತೆ. ಮುಂದಿನ ವರ್ಷ ಆಗಸ್ಟ್ 30ರಂದು ಹೋದ ಎರಡನೆಯದೂ ಮೊದಮೊದಲು ತಂಟೆ ಮಾಡಿತು. ಬಿಸಿಲು ಹಿಡಿಯುವ ಅದರ ರೆಕ್ಕೆ ಬಿಚ್ಚಿಕೊಳ್ಳಲೊಲ್ಲದೆ ಸಿಕ್ಕಿಕೊಂಡಿತ್ತು. ಕೆಳಗಿನಿಂದಲೇ ಅಪ್ಪಣೆ ಕಳಿಸಿ, ಅತ್ತ ಇತ್ತ ಅಲುಗಿಸಿ, ಕೊನೆಗೆ ಬಿಚ್ಚಿಸಿದರು. ಅದು ಏಳು ವರ್ಷದಷ್ಟು ಕಾಲ ಟೆಲಿಫೋನು, ಟೆಲಿವಿಷನ್ನು, ಮೋಡದ ಚಿತ್ರ ಮೂರನ್ನೂ ಹೊತ್ತು ದುಡಿಯಿತು. ಬಂಗಾಳ ಕೊಲ್ಲಿಯಲ್ಲಿ ಎದ್ದ ಬಿರುಗಾಳಿಯ ಸುಳಿ ದಡ ಮುಟ್ಟುವ ಮುಂಚೆಯೇ ಕಾಣುವಂತಾದದ್ದು ಆ ಮೋಡದ ಚಿತ್ರದಿಂದ.

ಹಾಸನದ ಕಡೆ ಹೋದವರು ಸಾಲಗಾಮೆ ರಸ್ತೆಯಲ್ಲಿ ಆ ಬೋಗುಣಿಗಳನ್ನು ಕಾಣಬಹುದು. ಹೊತ್ತಾರೆ ಹಕ್ಕಿಯನ್ನು ಮಾತ್ರ ಬರಿಗಣ್ಣಿನಿಂದ ನೋಡಲಾಗದು. ಅದು ಬೀಳಲಿಲ್ಲ. ನೆಲೆ ಹಿಡಿದಿಡುವ ಅನಿಲ ತೀರಿದ್ದರಿಂದ ತನ್ನ ಜಾಗ ಬಿಟ್ಟು ಆ ಎತ್ತರದಲ್ಲೇ ಅತ್ತಿಂದಿತ್ತ ಸರಿಯುತ್ತ, ಮಾತಿಲ್ಲದೆ ಸುತ್ತುತ್ತಲೇ ಇದೆ.